ಎದುರುಮನೆಯ ಬಟ್ಟಲಿನ ಹೆಸರುಕಾಳು

ಪ್ರತಿ ತಿಂಗಳ ಮೊದಲ ವಾರ ಮಗಳ ಶಾಲೆಯಿಂದ ಒಂದು ಹಾಳೆ ಬರುತ್ತಿತ್ತು. ಎರಡನೇ ಕ್ಲಾಸಿನವರು ಆ ತಿಂಗಳು ಏನೇನು ಕಲಿಯುತ್ತಾರೆ ಎಂಬ ಪಟ್ಟಿ. ನಾನು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದೆ. ಹಗಲೆಲ್ಲ ಸರ್ಕಾರಿ ಫೈಲುಗಳ ನಡುವೆ ಕೂರುವ ನನಗೆ, ಕಾಗದವೊಂದು ಕಣ್ಣೆದುರಿಗಿದ್ದರೆ ಅರ್ಧ ಕೆಲಸ ಮುಗಿದಂತೆ ಅನ್ನಿಸುತ್ತಿತ್ತು. ಉಳಿದರ್ಧ ನಾನು ಬರುವಷ್ಟರಲ್ಲಿ ಎದುರುಮನೆಯಲ್ಲಿ ಮುಗಿದುಹೋಗಿರುತ್ತಿತ್ತು.

ನಾವಿದ್ದುದು ಮಯೂರ್ ವಿಹಾರದ ಒಂದು ಸೊಸೈಟಿಯ ಮೂರನೇ ಮಹಡಿಯಲ್ಲಿ. ರಸ್ತೆಯಲ್ಲಿ ಮೆಟ್ರೊ ಕಂಬಗಳು ಇನ್ನೂ ಏಳುತ್ತಿದ್ದ ಕಾಲ. ಗಂಡನೂ ನಾನೂ ಇಬ್ಬರೂ ಕೇಂದ್ರ ಸರ್ಕಾರದ ನೌಕರರು. ಚಾರ್ಟರ್ಡ್ ಬಸ್ಸು ಮನೆ ಮುಟ್ಟಿಸುವಾಗ ಏಳು ಗಂಟೆ. ಮಧ್ಯಾಹ್ನ ಶಾಲೆಯಿಂದ ಬಂದ ಮಗಳು ಅಲ್ಲಿಯವರೆಗೆ ಇರುತ್ತಿದ್ದುದು ಎದುರುಮನೆಯ ಲಖನೌ ಕಡೆಯ ಹೆಂಗಸಿನ ಹತ್ತಿರ. ಅವರ ಮಕ್ಕಳು ದೊಡ್ಡವರಾಗಿ ಹಾಸ್ಟೆಲ್ ಸೇರಿದ್ದರು. ನನ್ನ ಮಗಳಿಗೆ ಅವರು ಮೌಸಿ, ಅಂದರೆ ಚಿಕ್ಕಮ್ಮ. ಅವರಿಂದ ನಮಗಾಗುತ್ತಿದ್ದ ಉಪಕಾರ ಸಣ್ಣದಲ್ಲ. ಬಹುಶಃ ಅದಕ್ಕೇ ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ.

"ಇವತ್ತು ಕ್ಲಾಸಲ್ಲಿ ಏನು ಕಲಿತೆ ಪುಟ್ಟಿ?" ಎಂದು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದೆ.

"ಮೌಸೀಗೆ ಎಲ್ಲಾ ಹೇಳಿದೀನಿ ಮಮ್ಮಾ. ಫಿರ್ ಸೇ ಹೇಳ್ಬೇಕಾ?"

ಬೇಡ ಎನ್ನುತ್ತಿದ್ದೆ. ಬಿಸಿಬಿಸಿ ಸುದ್ದಿಯೆಲ್ಲ ಅಲ್ಲಿ, ಆರಿದ ಮೇಲಿನದು ನನಗೆ. ನನ್ನ ಪಾಲಿಗೆ ಉಳಿದಿದ್ದು ಊಟ, ಜಡೆ, ಯೂನಿಫಾರ್ಮಿನ ಇಸ್ತ್ರಿ. ಹೊಟ್ಟೆಕಿಚ್ಚಿಗೆ ಬೇರೆ ಹೆಸರು ಕೊಡಲು ಆಗೆಲ್ಲ ತುಂಬ ಪ್ರಯತ್ನಪಟ್ಟೆ. ಅದು ಹೊಟ್ಟೆಕಿಚ್ಚೇ.

ಆ ಜುಲೈ ತಿಂಗಳ ಹಾಳೆ ನೋಡಿದಾಗ ಮಾತ್ರ ನನಗೆ ಹಿಗ್ಗಾಯಿತು. ಪರಿಸರದ ಪಾಠದಲ್ಲಿ ಬೀಜ ಮೊಳೆಯುವುದು. ಕಾಳು ನೆನೆಸಿ, ಮೊಳಕೆ ಬರಿಸಿ, ದಿನಕ್ಕೊಂದು ಚಿತ್ರ ಬರೆದು, ಸೋಮವಾರ ಕ್ಲಾಸಿಗೆ ತರಬೇಕು. ಅವಳ ಹೋಂವರ್ಕೆಲ್ಲ ಹಿಂದಿಯಲ್ಲಿ. ಹಿಂದಿ ಮಾತಾಡುತ್ತಿದ್ದೆನಾದರೂ ಬರೆಯಲು ಹೋದರೆ ನನಗೆ ದೀರ್ಘ ಯಾವುದು, ಹ್ರಸ್ವ ಯಾವುದು ತಿಳಿಯುತ್ತಿರಲಿಲ್ಲ. ಆದರೆ ಹೆಸರುಕಾಳು ಮೊಳಕೆ ಕಟ್ಟುವುದು ನನ್ನ ವಿದ್ಯೆ. ರಜಾದಿನ ಬರಲಿ, ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡೋಣ ಎಂದುಕೊಂಡೆ. ಗುರುವಾರ ಸಂಜೆ ಮೆಟ್ಟಿಲು ಹತ್ತಿ ಬಂದರೆ, ಎದುರುಮನೆಯ ಕಿಟಕಿಯಲ್ಲಿ ಸ್ಟೀಲ್ ಬಟ್ಟಲು, ಅದರಲ್ಲಿ ಬಿಳಿ ಮಲ್‌ಮಲ್ ಬಟ್ಟೆಯ ಗಂಟು. ಎರಡು ಹಿಡಿ ಹೆಸರುಕಾಳು ಆಗಲೇ ನೆನೆದು ಕೂತಿತ್ತು.

ಶನಿವಾರ ಮೌಸಿ ಕರೋಲ್ ಬಾಗಿನ ನೆಂಟರ ಮನೆಗೆ ಹೊರಟರು. ಮರುದಿನ ಸಂಜೆ ಬರುವುದಂತೆ. ಬಟ್ಟಲು ಮಗಳ ಕೈಯಲ್ಲಿ ನಮ್ಮ ಅಡುಗೆಮನೆಗೆ ಬಂತು.

"ಮಮ್ಮಾ, ಛೂನಾ ಮತ್. ಬರೀ ನೀರು ಚಿಮುಕಿಸ್ಬೇಕು ಅಂತ ಮೌಸಿ ಹೇಳಿದಾರೆ."

ಹೆಸರುಕಾಳನ್ನು ಮುಟ್ಟಬೇಡವೆಂದು ನನಗೆ ಹೇಳಿಕೊಡುವವರು ಹುಟ್ಟಿದ್ದರು.

ಭಾನುವಾರ ಬೆಳಿಗ್ಗೆ ಅಪ್ಪ ಮಗಳು ತರಕಾರಿಗೆ ಹೋದರು. ಮೇಜಿನ ಮೇಲೆ ಅವಳ ಚಿತ್ರದ ಕಾಪಿ ಪುಸ್ತಕ ತೆರೆದೇ ಇತ್ತು. ಮೊದಲ ಪುಟದಲ್ಲಿ ಬಟ್ಟಲು, ಅವಳು, ಮೌಸಿ. ಎರಡನೆಯದರಲ್ಲಿ ಅವಳು, ಮೌಸಿ, ಮೌಸಿಯ ಕನ್ನಡಕ. ಮೂರನೆಯದು ಶನಿವಾರದ್ದು, ನಮ್ಮ ಮನೆಯಲ್ಲಿ ಕೂತು ಬರೆದದ್ದು. ಅದರಲ್ಲೂ ಕಿಟಕಿ ಎದುರುಮನೆಯದೇ, ಮೌಸಿಯೂ ಇದ್ದರು. ನಾನು ಎಲ್ಲಿಯೂ ಇರಲಿಲ್ಲ. ಹಿಂದಕ್ಕೆ ಮುಂದಕ್ಕೆ ತಿರುವಿ ಹುಡುಕಿದೆ.

ಆಮೇಲೆ ಗಂಟು ಬಿಚ್ಚಿದೆ. ಮೊಳಕೆ ಬೆರಳಿನ ಗಿಣ್ಣಿನಷ್ಟು ಬಂದಿತ್ತು, ಹದವಾಗಿ. ಅದು ಯಾರ ಬಟ್ಟಲು, ಯಾತಕ್ಕೆ ಇಟ್ಟದ್ದು, ಎಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಬಾಣಲೆ ಇಟ್ಟೆ. ಸಾಸಿವೆ, ಇಂಗು, ಕರಿಬೇವು, ಎರಡು ಹಸಿಮೆಣಸಿನಕಾಯಿ. ಇಳಿಸುವ ಮೊದಲು ಒಂದು ಹಿಡಿ ಕಾಯಿತುರಿ. ಉಸಲಿ ಅಷ್ಟು ಚೆನ್ನಾಗಿ ನನ್ನ ಕೈಯಲ್ಲಿ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ಗಂಡ ಬಂದವನೇ ಒಂದು ಚಮಚ ಬಾಯಿಗೆ ಹಾಕಿಕೊಂಡ. ಮಗಳು ಖಾಲಿ ಬಟ್ಟಲನ್ನು ನೋಡಿ, ನನ್ನನ್ನು ನೋಡಿ, "ಮಮ್ಮಾ, ಮೇರೇ ಬೀಜ್?" ಎಂದಳು.

"ಅಯ್ಯೋ, ನಾನು ಕಟ್ಟಿಟ್ಟಿದ್ದೇ ಅಂದ್ಕೊಂಡುಬಿಟ್ಟೆ ಪುಟ್ಟಿ. ಮರೆತೇಹೋಯ್ತು."

ಗಂಡನ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಆ ವಾರ ನಾನು ಯಾವ ಕಾಳನ್ನೂ ಕಟ್ಟಿರಲಿಲ್ಲ ಎಂಬುದು ಅವನಿಗೆ ಗೊತ್ತು. ಮಗಳು ಹಟ ಮಾಡಿದ್ದರೆ ಗದರಿಸಿ ಸುಮ್ಮನಾಗಿಸುತ್ತಿದ್ದೆ. ಅವಳು ಫ್ರಿಜ್ಜಿಗೆ ಒರಗಿ ಕೂತು, ಸದ್ದಿಲ್ಲದೆ ಅತ್ತಳು.

ಸಂಜೆ ಮೌಸಿ ಬಂದದ್ದು ತಿಳಿಯಿತು. ಬಟ್ಟಲು ಹಿಂದಿರುಗಿಸಬೇಕು. ನಮ್ಮಲ್ಲಿ ಯಾರ ಮನೆಯ ಪಾತ್ರೆಯನ್ನೂ ಖಾಲಿ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕುತ್ತೇವೆ. ಅಭ್ಯಾಸಬಲವೋ, ಕೆಟ್ಟ ಬುದ್ಧಿಯೋ, ಆ ಬಟ್ಟಲಿಗೆ ಅದೇ ಉಸಲಿಯನ್ನು ತುಂಬಿದೆ. ಒದ್ದೆಬಟ್ಟೆಯನ್ನು ಜಾಲಿಸದೆ ಹಾಗೆಯೇ ಮಡಚಿ ಮಗಳ ಕೈಗೆ ಕೊಟ್ಟು, ಅವಳ ಜೊತೆ ಎದುರುಮನೆಗೆ ಹೋದೆ.

ಮೌಸಿ ಬಟ್ಟಲನ್ನು ನೋಡಿದರು. ಮಗಳ ಊದಿದ ಕಣ್ಣು ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಅವರು ಏನನ್ನೂ ಅನ್ನುವ ಮೊದಲೇ ನಾನು, ಮರೆತೆ, ನನ್ನದೇ ಅಂದುಕೊಂಡೆ ಎಂದು ಹಿಂದಿಯಲ್ಲಿ ತೊದಲಿದೆ.

ಅವರು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತರು. "ಗಲತೀ ಮೇರೀ ಹೈ ಬೇಟಾ. ಮಮ್ಮಿಗೆ ನಾನೇ ಹೇಳಬೇಕಿತ್ತು," ಎಂದು ಅವರ ಹಿಂದಿಯಲ್ಲಿ ಹೇಳಿ ತಪ್ಪನ್ನು ತಾವೇ ಹೊತ್ತುಕೊಂಡರು. ಒಂದು ಚಮಚ ಉಸಲಿ ತಿಂದು, ತುಂಬ ರುಚಿಯಾಗಿದೆ ಎಂದರು. ಆ ಮಾತಿನಲ್ಲಿ ಕೊಂಕು ಹುಡುಕಿದೆ. ಒಂದಿಷ್ಟು ಸಿಕ್ಕಿದ್ದರೂ ನನಗೆ ಹಾಯೆನಿಸುತ್ತಿತ್ತು.

ಅಷ್ಟರಲ್ಲಿ ಬಟ್ಟೆ ಬಿಡಿಸಿದ ಮಗಳು ಕೂಗಿದಳು. ಮಡಿಕೆಯಲ್ಲಿ ಮೂರು ಕಾಳು ಉಳಿದಿದ್ದವು. ಅವುಗಳ ಬೇರು ಬಟ್ಟೆಯ ಎಳೆಯೊಳಗೇ ಹೊಕ್ಕಿತ್ತು. ಅವಳು ಬಟ್ಟೆಯನ್ನು ಮೌಸಿಯ ಮುಂದೆ ಹಿಡಿದಳು. ಮೌಸಿ ಅದನ್ನು ತೆಗೆದುಕೊಂಡು ನನ್ನ ಅಂಗೈಯಲ್ಲಿಟ್ಟು, "ಆಪ್ ನಿಕಾಲಿಯೇ. ಇದನ್ನು ಬಿಡಿಸೋದು ನಿಮಗೆ ಬರುತ್ತೆ," ಎಂದರು.

ಮನೆಯಲ್ಲಿ ಒಂದೊಂದೇ ಬೇರನ್ನು ಮುರಿಯದಂತೆ ಬಿಡಿಸಿದೆ. ಮಗಳು ಮೊಣಕೈಗೆ ಅಂಟಿಕೊಂಡು ಉಸಿರು ಹಿಡಿದು ನೋಡಿದಳು. ಮೂರನ್ನೂ ಒದ್ದೆ ಹತ್ತಿಯ ಮೇಲಿಟ್ಟಾಗ ನನಗೆ ನಿಜಕ್ಕೂ ಸಂತೋಷವಾಯಿತು. ನಂತರ ಅವಳು ಕಾಪಿ ತೆಗೆದು ನಾಲ್ಕನೇ ದಿನದ ಚಿತ್ರಕ್ಕೆ ಕೂತಳು. ಮೂರು ಕಾಳು, ಒಂದು ಬಾಣಲೆ, ಬಾಯಿ ದೊಡ್ಡದಾಗಿ ತೆರೆದ ಒಬ್ಬ ಹೆಂಗಸು. ಕನ್ನಡಕ ಇರಲಿಲ್ಲ.

"ಇದು ಯಾರು?"

"ನೀನು. ಬಾಕಿ ಬೀಜ ಎಲ್ಲಿ ಅಂತ ಟೀಚರ್ ಕೇಳ್ತಾರಲ್ಲ." ಪೆನ್ಸಿಲ್ ಎತ್ತಿ ಯೋಚಿಸಿದಳು. "ಗಲತೀ ಸೇ ತಿಂದ್ಬಿಟ್ರು ಅಂತ ಬರೀಲಾ ಮಮ್ಮಾ? ತಪ್ಪಿ ತಿಂದಿದ್ದು ಅಲ್ವಾ?"

"ಹೂಂ, ಬರಿ," ಎಂದೆ.

ಅದನ್ನು ಹಿಂದಿಯಲ್ಲಿ ಹೇಗೆ ಬರೆಯುವುದೆಂದು ಕೇಳಲು ಅವಳು ಕಾಪಿ ಹಿಡಿದುಕೊಂಡು ಎದುರುಮನೆಗೆ ಓಡಿದಳು.