ಹೊಳೆಗೆ ಕೊಚ್ಚಿ ಬಿಟ್ಟ ಕಳೆ

ಕಡೂರಿಗೆ ನನ್ನನ್ನು ಕಳಿಸಿದಾಗ ನನಗೆ ಇಪ್ಪತ್ತಮೂರು ವರ್ಷ. ಬೆಂಗಳೂರಿನಲ್ಲಿ ಸಸ್ಯಶಾಸ್ತ್ರ ಓದಿ, ಬೇಸಾಯದ ಕಚೇರಿಯಲ್ಲಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ವೇದಾವತಿ ಹೊಳೆಯಲ್ಲಿ ಹೊಸದೊಂದು ಕಳೆ ಹಬ್ಬಿ ನಾಲೆಗೆ ನೀರು ಹೋಗದಂತಾಗಿದೆ, ಅಲ್ಲೇ ಇದ್ದು ಅಭ್ಯಾಸ ಮಾಡಿ ನಿವಾರಣೆಯ ದಾರಿ ತಿಳಿಸತಕ್ಕದ್ದು ಎಂದು ಹುಕುಂ ಬಂದಿತ್ತು. ಗಾಡಿಯಲ್ಲಿ ಪುಸ್ತಕಗಳ ಪೆಟ್ಟಿಗೆ ಹೇರಿಕೊಂಡು ಹೊರಟೆ.

ಊರಿನ ಮೇಲುಗಡೆ ಹೊಳೆಗೆ ಅಡ್ಡಲಾಗಿ ಹಳೆಯ ಕಲ್ಲಿನ ಕಟ್ಟೆಯೊಂದಿತ್ತು. ಅದು ತಡೆದು ನಿಲ್ಲಿಸಿದ ನೀರು ಪಕ್ಕದ ನಾಲೆಗೆ ತಿರುಗಿ ಗದ್ದೆಗೂ ತೆಂಗಿನ ತೋಟಗಳಿಗೂ ಹೋಗಬೇಕು. ನಾನು ಹೋದ ದಿನ ಕಟ್ಟೆಯ ಹಿಂದೆ ನೀರೇ ಕಾಣಲಿಲ್ಲ. ಈ ದಡದಿಂದ ಆ ದಡದವರೆಗೆ ದಪ್ಪನೆಯ ಹೊಳೆಯುವ ಎಲೆಗಳು, ಅವುಗಳ ನಡುವೆ ನಸುನೇರಳೆ ಹೂವಿನ ಗೊಂಚಲು. ಚೆನ್ನಾಗಿದೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಆಮೇಲೆ ಎಷ್ಟೋ ಸಲ ನಾಚಿದ್ದೇನೆ. ಯಾರೋ ಹೂವಿನ ಆಸೆಗೆ ಬೆಂಗಳೂರಿನಿಂದ ತಂದು ಮನೆಯ ಕೊಳದಲ್ಲಿ ಬಿಟ್ಟಿದ್ದರಂತೆ. ಮಳೆಗೆ ಕೊಳ ತುಂಬಿ ಹರಿದು ಹೊಳೆ ಸೇರಿತಂತೆ. ಯಾರೆಂದು ಯಾರೂ ಹೇಳಲಿಲ್ಲ.

ಅಲ್ಲಿ ನನಗೆ ಜೊತೆಯಾದವನು ಊರಿನ ನೀರುಗಂಟಿ. ನಾಲೆಯ ನೀರನ್ನು ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂದು ನೋಡಿಕೊಳ್ಳುವುದು ಅವನ ಕೆಲಸ. ಅವನ ಅಪ್ಪನೂ ಅಜ್ಜನೂ ಅದೇ ಕೆಲಸ ಮಾಡಿದವರು. ನನ್ನ ತಂದೆಯ ವಯಸ್ಸಿನವನು. ಆದರೂ ನಾನು ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದೆ, ಅವನು ನನ್ನನ್ನು ಬುದ್ಧಿ ಎನ್ನುತ್ತಿದ್ದ. ಆಗಿನ ಕಾಲದಲ್ಲಿ ಅದು ಇಬ್ಬರಿಗೂ ಸಹಜವಾಗಿತ್ತು.

ಬಿದಿರಿನ ಚೌಕಟ್ಟೊಂದನ್ನು ಮಾಡಿಸಿ ನೀರಿನ ಮೇಲೆ ಇಟ್ಟು, ಒಳಗೆ ಬಿದ್ದ ಗಿಡಗಳನ್ನು ಎಣಿಸುತ್ತಿದ್ದೆ. ವಾರ ಬಿಟ್ಟು ಮತ್ತೆ ಎಣಿಸುತ್ತಿದ್ದೆ. ಒಂದು ತಾಯಿಗಿಡ ಪಕ್ಕಕ್ಕೆ ಕೈ ಚಾಚಿ ಮರಿ ಹಾಕುತ್ತಿತ್ತು, ಮರಿ ಮತ್ತೆ ಕೈ ಚಾಚುತ್ತಿತ್ತು. ನನ್ನ ಎಣಿಕೆ ಮುಗಿಯುವುದರೊಳಗೆ ಚೌಕಟ್ಟು ತುಂಬಿರುತ್ತಿತ್ತು. ಅಷ್ಟರಲ್ಲಿ ತಾಲ್ಲೂಕಿನ ಅಮಲ್ದಾರರು ಕುದುರೆಯ ಮೇಲೆ ಬಂದರು.

"ಇನ್ನೂ ಎಣಿಸ್ತಾನೇ ಇದ್ದೀರಲ್ಲ. ತೋಟ ಒಣಗ್ತಾ ಇದೆ ಅಂತ ಜನ ನನ್ನ ಬಾಗಿಲಿಗೆ ಬಂದು ಕೂತಿದ್ದಾರೆ. ಹದಿನೈದು ದಿನದಲ್ಲಿ ಹೊಳೆ ಚೊಕ್ಕಟವಾಗ್ಬೇಕು," ಎಂದರು.

ಕಾರ್ತಿಕ ಮಾಸ. ಕಟ್ಟೆಯ ಮೇಲೆ ಇನ್ನೂ ಮೊಣಕಾಲುದ್ದ ನೀರು ಹರಿಯುತ್ತಿತ್ತು. ಕುಡುಗೋಲಿನಿಂದ ಕೊಚ್ಚಿ, ಕಟ್ಟೆ ದಾಟಿಸಿ ಬಿಟ್ಟರೆ ಹರಿವಿನಲ್ಲಿ ಕೊಳೆತು ಹೋಗುತ್ತದೆ ಎಂದು ನಾನು ತೀರ್ಮಾನಿಸಿದೆ. ನೀರುಗಂಟಿ ತಲೆ ಕೆರೆದುಕೊಂಡ.

"ಇದು ತುಂಡು ಮಾಡಿದ್ರೆ ಸಾಯೋ ಜಾತಿ ಅಲ್ಲ ಬುದ್ಧಿ. ನಮ್ಮ ಹಟ್ಟಿ ಹಿಂದೆ ಒಂದು ತುಂಡು ಬಿದ್ದಿತ್ತು, ಕೊಚ್ಚೇಲೇ ಬೇರು ಬಿಟ್ಬಿಡ್ತು."

"ನಿಂತ ನೀರು ಬೇರೆ, ಹರಿಯೋ ನೀರು ಬೇರೆ ಕಣಯ್ಯಾ," ಎಂದೆ. ಅವನು ಕುಡುಗೋಲಿನ ಆಳುಗಳನ್ನು ಕರೆಯಲು ಹೋದ.

ಹನ್ನೆರಡು ದಿನದಲ್ಲಿ ಹೊಳೆ ಚೊಕ್ಕಟವಾಯಿತು. ನಾಲೆಗೆ ನೀರು ನುಗ್ಗಿತು. ಊರವರು ನನ್ನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು. ಕೆಲಸ ಪೂರೈಸಿತೆಂದು ಕಚೇರಿಗೆ ಬರೆದೆ.

ಸಂಕ್ರಾಂತಿ ಕಳೆಯುವ ಹೊತ್ತಿಗೆ ಕೆಳಗಿನ ಊರುಗಳಿಂದ ಸುದ್ದಿ ಬಂತು. ಯಗಟಿಯ ಕಡೆಯ ದಾರಿ ಹಿಡಿದು ಹೊಳೆಯ ದಂಡೆಯಲ್ಲೇ ಎರಡು ದಿನ ನಡೆದೆ. ಹರಿವು ನಿಂತು ನೀರು ಅಲ್ಲಲ್ಲಿ ಮಡುಗಟ್ಟಿತ್ತು, ಎಲ್ಲ ಮಡುಗಳ ಮೇಲೂ ಅದೇ ಎಲೆ, ಅದೇ ಹೂವು. ಪ್ರತಿಯೊಂದು ಗಿಡವೂ ನಾನು ಕೊಚ್ಚಿಸಿದ ತುಂಡಿನಿಂದ ಹುಟ್ಟಿದ್ದು.

ಒಂದು ಮಡುವಿನ ಹತ್ತಿರ ನಡುವಯಸ್ಸಿನ ಹೆಂಗಸೊಬ್ಬಳು ಕೋಲಿನಿಂದ ಗಿಡಗಳನ್ನು ಸರಿಸಿ ಬಿಂದಿಗೆ ಮುಳುಗಿಸುತ್ತಿದ್ದಳು. ಸರಿಸಿದ ಜಾಗ ಬಿಂದಿಗೆ ತುಂಬುವುದರೊಳಗೆ ಮುಚ್ಚಿಕೊಳ್ಳುತ್ತಿತ್ತು. ನೀರಿನಿಂದ ಕೊಳೆತ ವಾಸನೆ ಬರುತ್ತಿತ್ತು.

"ಇದನ್ನೇ ಕುಡೀತೀರೇನಮ್ಮಾ?" ಎಂದು ಕೇಳಿದೆ.

"ಇನ್ಯಾವುದು ಕುಡಿಯಾಣ ಸ್ವಾಮಿ? ಬಾವಿ ಬತ್ತೋಯ್ತು," ಎಂದಳು. ಬಿಂದಿಗೆಯನ್ನು ದಡಕ್ಕಿಟ್ಟು ಮಡುವಿನ ಆಚೆ ಬದಿಗೆ ಕೈ ತೋರಿಸಿದಳು. "ನಮ್ಮೆಮ್ಮೆ ಅಲ್ಲೇ ಹೋಗಿದ್ದು. ಹಸಿರು ಕಂಡು ಮೇವು ಅಂತ ಇಳೀತು. ಬೇರು ಕಾಲಿಗೆಲ್ಲ ಸುತ್ಕೊಂಡು ಕೆಸರಲ್ಲಿ ಸಿಕ್ಕಾಕ್ಕೊಳ್ತು. ಹಗ್ಗ ಹಾಕಿ ಎಳುದ್ವಿ, ಆಗ್ಲಿಲ್ಲ. ಸಂಜೆಗಂಟ ಮೂತಿ ಮೇಲಿಟ್ಕೊಂಡು ನನ್ನೇ ನೋಡ್ತಿತ್ತು. ಗಂಡ ಇಲ್ಲದೋಳು, ಅದರ ಹಾಲಲ್ಲೇ ಇದ್ದೆ."

ಅಲ್ಲಿಂದ ಸುಮ್ಮನೆ ಬಂದುಬಿಡಬಹುದಾಗಿತ್ತು. ನೂರು ಹೆಜ್ಜೆ ಬಂದೂ ಬಿಟ್ಟಿದ್ದೆ. ತಿರುಗಿ ಹೋಗಿ, ಈ ಕಳೆಯನ್ನು ಮೇಲಿನಿಂದ ಕೊಚ್ಚಿಸಿ ಬಿಟ್ಟವನು ನಾನೇ ಎಂದು ಹೇಳಿದೆ.

ಅವಳು ಕೋಲನ್ನು ನೆಲಕ್ಕೂರಿದಳು. ಬೈಯಲಿಲ್ಲ.

"ನೀವು ಹೇಳ್ದೇ ಇದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ. ದೇವರ ಮೇಲೆ ಹಾಕ್ಕೊಂಡು ಇದ್ದುಬಿಡ್ತಿದ್ದೆ. ಯಾಕೆ ಹೇಳಿದ್ರಿ ಈಗ?"

ಅವಳು ಬಿಂದಿಗೆ ಎತ್ತಿಕೊಂಡು ಹೋದಳು.

ಊರಿಗೆ ಮರಳುವಷ್ಟರಲ್ಲಿ ಕಟ್ಟೆಯ ಹಿಂದೆಯೂ ಹಸಿರು ಮೂಡಿತ್ತು. ಬುದ್ಧಿ ಕೆಟ್ಟವನಂತೆ ಏನೇನೋ ಮಾಡಿದೆ. ದಡದ ಒಂದು ಗುಂಡಿಗೆ ಮಣ್ಣಿನ ಒಡ್ಡು ಹಾಕಿ ಹೊಳೆಯಿಂದ ಬೇರ್ಪಡಿಸಿ, ಮೈಲುತುತ್ತದ ನೀಲಿ ಹರಳು ಕದಡಿ ನೋಡಿದೆ. ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದವು. ಗಿಡದ ಎಲೆ ಕಂದಿತು, ಎಂಟು ದಿನದಲ್ಲಿ ನಡುವಿನಿಂದ ಹೊಸ ಚಿಗುರು ಬಂತು. ಪುಸ್ತಕಗಳಲ್ಲಿ ಹುಡುಕಿದೆ, ಕಚೇರಿಗೆ ಬರೆದೆ. ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು ಎಂದು ಉತ್ತರ ಬಂತು. ಕೊನೆಗೆ ನೀರುಗಂಟಿಯ ಹಟ್ಟಿಗೇ ಹೋದೆ.

"ನಿನ್ನ ಮಾತು ಕೇಳ್ಬೇಕಾಗಿತ್ತು. ಈಗ ಹೇಳು, ಏನು ಮಾಡೋಣ?"

ಅವನು ಎದ್ದು ನಿಂತು ತಲೆಯ ವಸ್ತ್ರ ತೆಗೆದ. ನಾನು ಅವನ ಬಾಗಿಲಿಗೆ ಹೋದದ್ದೇ ಅವನಿಗೆ ಗಾಬರಿ.

"ಬೇರು ಸಮೇತ ಎತ್ಬೇಕು ಬುದ್ಧಿ. ಒಂದು ತುಂಡೂ ನೀರಿಗೆ ಬೀಳ್ಬಾರ್ದು. ದೂರ ಹೊತ್ತಾಕಿ ಒಣಗಿಸಿ ಸುಡ್ಬೇಕು. ಎಲ್ಲಕ್ಕಿಂತ ಮೇಲಿನ ಮಡೂನಿಂದ ಶುರು ಮಾಡಿ ಕೆಳಗೆ ಬರ್ಬೇಕು. ಮುಂಗಾರಿಗೆ ಮುಂಚೆ ಮುಗೀಬೇಕು."

ಊರ ಚಾವಡಿಯಲ್ಲಿ ಜನ ಸೇರಿಸಿ ತಪ್ಪು ನನ್ನದೆಂದು ಒಪ್ಪಿಕೊಂಡೆ. ನೀರುಗಂಟಿ ಹೇಳಿದ್ದನ್ನು ಅವನ ಹೆಸರಿನಲ್ಲೇ ಹೇಳಿದೆ. ಹಿರಿಯ ಗೌಡರೊಬ್ಬರು ಹೇಳಿದರು: "ನಮ್ಮ ಎಲ್ಲೆವರೆಗೆ ತೆಗೀತೀವಿ. ಮೇಲಿನ ಮಡು ಮೇಲೂರೋರ್ದು. ಅವರ ಹೊಳೆಗೆ ನಮ್ಮ ಆಳು ಯಾಕೆ ಇಳೀಬೇಕು?"

ಮೇಲೂರಿಗೂ ಹೋದೆ. ಅವರಿಗೆ ನಾಲೆಯಿರಲಿಲ್ಲ, ಕಳೆಯಿಂದ ತೊಂದರೆಯೂ ಇರಲಿಲ್ಲ. "ನಿಮ್ಮ ಪಾಡಿಗೆ ನೀವು ತೆಗ್ಕೊಳ್ಳಿ," ಎಂದು ಕಳಿಸಿಬಿಟ್ಟರು. ಅಮಲ್ದಾರರಿಗೆ ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ.

ಚೈತ್ರ, ವೈಶಾಖ ಎರಡು ತಿಂಗಳು ನಾವು ನೀರಿನಲ್ಲಿ ನಿಂತೆವು. ಗಂಡಸರು ಎದೆಮಟ್ಟದ ನೀರಿನಲ್ಲಿ ಸಾಲಾಗಿ ನಿಂತು ಗಿಡ ಎತ್ತಿ ಕೊಡುವುದು, ಹೆಂಗಸರು ಕುಕ್ಕೆಯಲ್ಲಿ ಹೊತ್ತು ಬೋರೆಯ ಒಣ ದಿಬ್ಬಕ್ಕೆ ಸುರಿಯುವುದು. ಮುರಿದ ತುಂಡುಗಳನ್ನು ನೀರುಗಂಟಿ ಸೋರೆಬುರುಡೆ ಕಟ್ಟಿಕೊಂಡು ಈಜಿ ಈಜಿ ಆರಿಸುತ್ತಿದ್ದ. ನನ್ನ ಕಾಲಿನ ಚರ್ಮ ಬೆಳ್ಳಗೆ ಸುಲಿಯಿತು, ಚಳಿಜ್ವರ ಬಂತು, ಅದು ಬಿಟ್ಟ ದಿನ ಮತ್ತೆ ಇಳಿಯುತ್ತಿದ್ದೆ. ನಮ್ಮ ಎಲ್ಲೆಯೊಳಗಿನ ನೀರು ತಿಳಿಯಾಯಿತು. ಮೇಲೂರಿನ ಮಡು ಹಾಗೇ ಇತ್ತು, ನಡೆದು ದಾಟಬಹುದೇನೋ ಅನ್ನಿಸುವಷ್ಟು ದಪ್ಪವಾಗಿತ್ತು.

ಮುಂಗಾರು ಬೇಗ ಬಂತು. ಸಖರಾಯಪಟ್ಟಣದ ಕಡೆಯ ಬೆಟ್ಟಗಳಲ್ಲಿ ಮೂರು ದಿನ ಹೊಯ್ದು, ನಾಲ್ಕನೆಯ ದಿನ ಬೆಳಿಗ್ಗೆ ಹೊಳೆ ಕೆಂಪಾಗಿ ಬಂತು. ಅದರ ಮೇಲೆ ಮೇಲೂರಿನ ಮಡುವಿನ ಕಳೆಯಿಡೀ ಕಿತ್ತುಕೊಂಡು ಒಂದೇ ಚಾಪೆಯಂತೆ ತೇಲಿ ಬಂದು ಕಟ್ಟೆಗೆ ಅಡ್ಡ ನಿಂತಿತು. ನೀರು ಅದರ ಹಿಂದೆ ಏರತೊಡಗಿತು. ಊರವರೆಲ್ಲ ಬಿದಿರುಗಳೂ ಕೊಕ್ಕೆಗಳೂ ಹಿಡಿದು ಎಳೆದರು. ಎಳೆದಷ್ಟೂ ಹಿಂದಿನಿಂದ ಬಂದು ತುಂಬಿಕೊಳ್ಳುತ್ತಿತ್ತು.

"ಎಲ್ಲಾ ಮೇಲಕ್ಕೆ ಬನ್ರಪ್ಪಾ," ಎಂದು ನೀರುಗಂಟಿ ಕೂಗಿದ. "ಕಲ್ಲು ಅಲುಗ್ತಾ ಐತೆ."

ಎಲ್ಲರೂ ದಡ ಹತ್ತಿದ ಸ್ವಲ್ಪ ಹೊತ್ತಿಗೆ ಕಟ್ಟೆಯ ನಡುಭಾಗ ಕುಸಿಯಿತು. ಹೊಳೆಯೂ ಕಳೆಯೂ ಒಟ್ಟಿಗೆ ಹೊರಟುಹೋದವು. ಯಾರಿಗೂ ಪ್ರಾಣಕ್ಕೆ ಅಪಾಯವಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾಲೆ ಒಣಗಿತ್ತು. ಕಟ್ಟೆ ಕಟ್ಟುವವರೆಗೆ ಆ ಊರಿಗೆ ಗದ್ದೆಯ ಬೆಳೆಯಿಲ್ಲ, ನೀರುಗಂಟಿಗೆ ಹಂಚಲು ನೀರಿಲ್ಲ.

ಕಚೇರಿಗೆ ಎರಡನೆಯ ವರದಿ ಬರೆದೆ. ಕೊಚ್ಚಿಸಿದ್ದು, ನೀರುಗಂಟಿ ಬೇಡವೆಂದದ್ದು, ಮೇಲಿನಿಂದ ಶುರುಮಾಡದೆ ಹೋದದ್ದು, ಎಲ್ಲವನ್ನೂ ಬರೆದೆ. ಅದನ್ನು ಯಾರಾದರೂ ಓದಿದರೋ ಇಲ್ಲವೋ ತಿಳಿಯದು. ತಿಂಗಳೊಳಗೆ ಅಜ್ಜಂಪುರಕ್ಕೆ ವರ್ಗವಾಯಿತು, ಅಲ್ಲಿ ಹತ್ತಿಬೀಜ ಹಂಚುವ ಕೆಲಸ.

ಹೊರಡುವ ದಿನ ಹೇಳಿ ಹೋಗಲು ನೀರುಗಂಟಿಯನ್ನು ಹುಡುಕಿಕೊಂಡು ಹೊಳೆಗೆ ಇಳಿದೆ. ಪ್ರವಾಹ ಇಳಿದು ಮರಳಿನ ಮೇಲೆ, ಕಲ್ಲಿನ ಸಂದುಗಳಲ್ಲಿ ಗಿಡಗಳು ಸಿಕ್ಕಿಕೊಂಡಿದ್ದವು. ಅವನೊಬ್ಬನೇ ಬಗ್ಗಿ ಒಂದೊಂದನ್ನೂ ಬೇರು ಸಮೇತ ಕಿತ್ತು ಕುಕ್ಕೆಗೆ ಹಾಕುತ್ತಿದ್ದ.

"ಕಟ್ಟೇನೇ ಇಲ್ಲ, ಇನ್ನು ಯಾಕೆ ಕೀಳ್ತೀರಿ?" ಎಂದೆ. ನಾನು ಅವನನ್ನು ಬಹುವಚನದಲ್ಲಿ ಕರೆದದ್ದು ನನಗೇ ತಡವಾಗಿ ಗೊತ್ತಾಯಿತು.

"ಕೆಳಗಡೆ ಊರಿಲ್ವಾ ಬುದ್ಧಿ?" ಎಂದ.

ಅಂಗಿಯ ತೋಳು ಮಡಿಸಿಕೊಂಡು ಅವನ ಪಕ್ಕದಲ್ಲಿ ಬಗ್ಗಿದೆ. ಗಾಡಿಯವನು ದಡದಿಂದ ಕರೆಯುವವರೆಗೆ ಇಬ್ಬರೂ ಕಿತ್ತೆವು. ಆಗಿನ್ನೂ ಈಚೆಯ ದಡವೇ ಮುಗಿದಿರಲಿಲ್ಲ.