ನಾಲ್ಕು ಮೂಲೆ ಕೂಡಿದ ಚಾಪೆ

ಕನಜವಾ ನಗರದಲ್ಲಿ ಅಂಗಡಿಗಳ ಒಳವಿನ್ಯಾಸ ಮಾಡುವ ಸುಮಿಯೆ ತನ್ನ ದೊಡ್ಡ ತಪ್ಪನ್ನು ಕಂಡದ್ದು ಮದುವೆ ಕಿಮೋನೊ ಅಂಗಡಿಯ ಪ್ರಾರಂಭದ ದಿನ, ಬೆಳಿಗ್ಗೆ ಎಂಟೂವರೆಗೆ. ಮದುಮಗಳು ಉಟ್ಟು ನೋಡುವ ಜಗಲಿಯ ಮೇಲೆ ಆರು ಹುಲ್ಲುಚಾಪೆಗಳನ್ನು ಒಂದೇ ದಿಕ್ಕಿಗೆ ಹಾಸಿದ್ದರಿಂದ ನಾಲ್ಕು ಚಾಪೆಗಳ ಮೂಲೆಗಳು ಒಂದೆಡೆ ಕೂಡಿದ್ದವು. ನಮ್ಮ ಜಪಾನಿನಲ್ಲಿ ಹಾಗೆ ಹಾಸುವುದು ಸಾವಿನ ಮನೆಯಲ್ಲಿ. ಒಡತಿ ಒಂಬತ್ತಕ್ಕೆ ಬರುವವಳಿದ್ದಳು. ಅವಳು ಮೆಚ್ಚಿದರೆ ಇನ್ನೆರಡು ಅಂಗಡಿಗಳ ಕೆಲಸವೂ ಸುಮಿಯೆಗೇ ಸಿಗುತ್ತಿತ್ತು.

“ನಿಮ್ಮ ನಕ್ಷೇಲಿ ಹೀಗೇ ಇತ್ತಲ್ಲಮ್ಮ,” ಎಂದ ಚಾಪೆ ಹಾಸುವ ಮುದುಕ ಮುರೋಯಿ.

“ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ರಾ?”

“ಹೋದ್ಸಲ ಹೇಳಿದ್ದಕ್ಕೆ, ನಿಮ್ಮ ಕೆಲಸ ನೀವು ನೋಡ್ಕೊಳ್ಳಿ ಅಂದ್ರಿ. ನೋಡ್ಕೊಂಡೆ.”

“ನಾಲ್ಕು ಚಾಪೆ ಅಡ್ಡ ತಿರುಗಿಸಿ.”

“ಒಂದೊಂದನ್ನೂ ಅದರದರ ಜಾಗಕ್ಕೇ ಅಳೆದು ಕತ್ತರಿಸಿದ್ದು. ಸಂದು ಬೀಳುತ್ತೆ.”

“ಬೀಳಲಿ.”

ಕೊನೆಯ ಚಾಪೆ ಇನ್ನೂ ಮುರೋಯಿಯ ಕೈಯಲ್ಲಿದ್ದಾಗಲೇ ಒಡತಿ ಒಳಗೆ ಬಂದು, ಗೋಡೆಯಂಚಿನ ಬೆರಳಗಲದ ಸಂದನ್ನು ನೋಡಿದಳು. ಸುಮಿಯೆ ಮಂಡಿಯೂರಿ, ಏನನ್ನೂ ಮುಚ್ಚಿಡದೆ ನಡೆದದ್ದನ್ನು ಹೇಳಿದಳು.

“ಅದನ್ನ ಮುಚ್ಚಿ. ಹತ್ತಕ್ಕೆ ಮದುಮಗಳು ಬರ್ತಾಳೆ,” ಎಂದಳು ಒಡತಿ. “ಮಿಕ್ಕ ಎರಡು ಅಂಗಡಿ ಬೇರೆಯವರಿಗೆ ಕೊಡ್ತೀನಿ.”

ಸುಮಿಯೆ ತಲೆಬಾಗಿದಳು. ಆಮೇಲೆ ಸಂದಿನ ಅಳತೆಗೆ ಮರದ ಪಟ್ಟಿ ಕತ್ತರಿಸಲು ಕೂತಳು.