ನಡೆಯುವುದಕ್ಕಲ್ಲದ ಒಂದು ಜೊತೆ ಚಪ್ಪಲಿ

ಬೆಳಗಿನ ಜಾವ ಐದೂವರೆಗೆ ಕೈ ಹಚ್ಚಿದರೆ ಸೂರ್ಯ ಹುಟ್ಟುವುದರೊಳಗೆ ದಯಾನಂದ ಹನ್ನೆರಡು ಸಾವಿರ ತೆಂಗಿನಕಾಯಿ ಸುಲಿದು ಮುಗಿಸುತ್ತಾರೆ. ಚಳಿಗಾಲದಲ್ಲಿ ಸೂರ್ಯ ತಡ ಮಾಡಿದರೆ ಹದಿನೈದು ಸಾವಿರ. ನಂಬದೆ ಎಣಿಸಲು ಬಂದ ಇಬ್ಬರು ಇನ್ನೂ ಎಣಿಸುತ್ತಲೇ ಇದ್ದಾರೆ; ಅವರಲ್ಲೊಬ್ಬರಿಗೆ ಈ ನಡುವೆ ಮದುವೆಯೂ ಆಯಿತು.

ತಿಪಟೂರಿನಿಂದ ತುರುವೇಕೆರೆಗೆ ಹೋಗುವ ರಸ್ತೆ ಬಿಟ್ಟು ಎರಡು ಫರ್ಲಾಂಗು ಒಳಗೆ ಬಂದರೆ, ಒಂದು ಕೊಬ್ಬರಿ ಅಟ್ಟದ ಮುಂದೆ ಐವತ್ತೊಂದು ವರ್ಷದ ಈ ಸಣಕಲು ಮನುಷ್ಯ ನಿಂತಿದ್ದಾರೆ. ನೆಲಕ್ಕೆ ನೆಟ್ಟ ಕಬ್ಬಿಣದ ಗೂಟಕ್ಕೆ ಕಾಯಿಯನ್ನು ಒಮ್ಮೆ ಕುಟ್ಟುತ್ತಾರೆ, ಎಡಕ್ಕೊಮ್ಮೆ ತಿರುಚುತ್ತಾರೆ, ಬಲಕ್ಕೊಮ್ಮೆ ತಿರುಚುತ್ತಾರೆ. ಮಟ್ಟೆ ಹೋಳಾಗಿ ಬೀಳುತ್ತದೆ. ಸುಲಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಗಡಗಡ ಎಂದರೆ ಒಂದು ಗುಡ್ಡೆಗೆ, ಸುಮ್ಮನಿದ್ದರೆ ಇನ್ನೊಂದು ಗುಡ್ಡೆಗೆ ಎಸೆಯುತ್ತಾರೆ. ಹತ್ತು ಹಳ್ಳಿಯ ಅಟ್ಟಗಳಲ್ಲಿ ಯಾವ ಕಾಯಿ ಯಾವ ಶ್ರುತಿಯಲ್ಲಿದೆ ಎಂದು ಇವರು ರಸ್ತೆಯಲ್ಲಿ ನಿಂತೇ ಹೇಳಬಲ್ಲರು.

“ಹನ್ನೆರಡು ಸಾವಿರ ಅಂದೋರ್ಯಾರು? ಮೈ ಚೆನ್ನಾಗಿದ್ರೆ ದಿನಕ್ಕೊಂದು ಸಾವಿರ ಕಣ್ರೀ. ಅದೂ ಸೊಂಟ ಕೇಳ್ಕಂಡು,” ಎನ್ನುತ್ತಾ ದಯಾನಂದ ಮುಂದಿನ ಕಾಯಿ ಎತ್ತಿಕೊಳ್ಳುತ್ತಾರೆ. ಸಾವಿರ ಎಂದರೂ ಮೂವತ್ತು ವರ್ಷದ ಲೆಕ್ಕ ಸಣ್ಣದಲ್ಲ. ಅಷ್ಟು ಮಟ್ಟೆಯನ್ನು ಸಾಲಾಗಿ ಜೋಡಿಸಿದರೆ ಚಂದ್ರನಿಗೆ ಹೋಗಿ, ಅಲ್ಲೊಂದು ಒಲೆ ಉರಿಸಿ, ವಾಪಸು ಬರಬಹುದು.

ಆದರೆ ಈ ಪುಟಕ್ಕೆ ಅವರನ್ನು ಎಳೆತಂದದ್ದು ಕಾಯಿಯಲ್ಲ, ಕಾಲು. ದಯಾನಂದ ಪೆಡಲ್ ಸ್ಟೀಲ್ ಗಿಟಾರ್ ನುಡಿಸುತ್ತಾರೆ. ಮೂರು ತಾಲ್ಲೂಕಿನಲ್ಲಿ ಇನ್ಯಾರ ಮನೆಯಲ್ಲೂ ಅಂಥದ್ದೊಂದು ವಾದ್ಯವಿಲ್ಲ. ಕುತ್ತಿಗೆಗೆ ನೇತುಹಾಕಿಕೊಳ್ಳುವ ಗಿಟಾರ್ ಇದಲ್ಲ. ಇಸ್ತ್ರಿ ಮೇಜಿನಂತೆ ನಾಲ್ಕು ಕಾಲಿನ ಮೇಲೆ ನಿಂತಿರುತ್ತದೆ. ಮೇಲೆ ಹತ್ತು ತಂತಿ. ಎಡಗೈಯಲ್ಲಿ ಹಿಡಿದ ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸಬೇಕು, ಬಲಗೈಯಿಂದ ಮೀಟಬೇಕು. ಕೆಳಗೆ ಎಡಗಾಲಿಗೆ ಮೂರು ಪೆಡಲ್. ಒಂದೊಂದನ್ನು ಒತ್ತಿದಾಗ ಒಂದೊಂದು ತಂತಿಯ ಸ್ವರ ಮೇಲೇರುತ್ತದೆ. ಬಲಗಾಲಿಗೆ ದನಿ ಹೆಚ್ಚು ಕಡಿಮೆ ಮಾಡುವ ಇನ್ನೊಂದು ಪೆಡಲ್. ಮೇಜಿನ ಅಡಿಯಲ್ಲಿ ಮೊಣಕಾಲಿನಿಂದ ತಳ್ಳುವ ಲಿವರ್‌ಗಳು ಬೇರೆ. ಮನುಷ್ಯನಿಗೆ ಎರಡೇ ಕಾಲು ಎಂದು ಗೊತ್ತಿಲ್ಲದವರು ಮಾಡಿದ ವಾದ್ಯ.

ಇಪ್ಪತ್ತೇಳು ವರ್ಷದ ಹಿಂದೆ ಅಮ್ಮಸಂದ್ರದಲ್ಲಿ ವಾಸವಿದ್ದ ಒಬ್ಬ ಇಂಜಿನಿಯರಿಗೆ ವರ್ಗವಾಯಿತು. ಅವರ ಸಾಮಾನು ಲಾರಿಗೆ ಹೇರಲು ಹೋದವರಲ್ಲಿ ದಯಾನಂದ ಒಬ್ಬರು. ಒಂದು ಉದ್ದ ಪೆಟ್ಟಿಗೆಯೊಳಗಿಂದ ತಂತಿ ಸದ್ದು ಮಾಡಿದ್ದು ಕೇಳಿ ಅದನ್ನು ಮಗುವಿನ ಹಾಗೆ ಎತ್ತಿಕೊಂಡರಂತೆ. ಇಂಜಿನಿಯರು ಆ ದಿನ ಲಾರಿ ಕಳಿಸಿದರು, ಪೆಟ್ಟಿಗೆ ಉಳಿಸಿಕೊಂಡರು. ಹೊರಡುವ ಮುಂಚೆ ಹದಿನೈದು ದಿನ ದಯಾನಂದರಿಗೆ ಪಾಠ ಹೇಳಿ, ಗಿಟಾರನ್ನು ಅವರಿಗೇ ಬಿಟ್ಟು ಹೋದರು. ಅಂದಿನಿಂದ ಇವರು ಮೋಹನ್ ಕುಮಾರ್ ಅವರ ಆರ್ಕೆಸ್ಟ್ರಾದಲ್ಲಿ, ಹಿಂದಿನ ಸಾಲಿನ ಬಲತುದಿಯಲ್ಲಿ ಕೂರುತ್ತಾರೆ. ಆರ್ಕೆಸ್ಟ್ರಾ ಮೋಹನ್ ಕುಮಾರ್ ತಂದೆಯ ಕೈಯಲ್ಲಿದ್ದಾಗಲೂ ಅದೇ ಜಾಗ.

ಇಪ್ಪತ್ತೇಳು ವರ್ಷವೂ ಬರಿಗಾಲು. ಕಾರಣ ಅವರ ತಾಯಿ ಹೊಂಬಾಳಮ್ಮ. ಆಯುಧಪೂಜೆಯ ದಿನ ಸುಲಿಯುವ ಗೂಟಕ್ಕೆ ಒಂದು ಬೊಟ್ಟು ಕುಂಕುಮ, ಗಿಟಾರಿಗೆ ಮೂರು ಬೊಟ್ಟು ಇಡುವವರು ಅವರು. “ಸರಸ್ವತಿ ಕಣಪ್ಪ ಅದು. ಕಾಲಲ್ಲಿ ಮುಟ್ಟೋದೇ ತಪ್ಪು. ಇವನು ಒತ್ತಾನೆ. ಹೋಗ್ಲಿ, ಕಾಲು ತೊಳ್ಕಂಡು ಒತ್ತು ಅಂದಿವ್ನಿ. ಚಪ್ಪಲಿ ಹಾಕ್ಕಂಡು ಒತ್ತಿದ್ರೆ ಮನೆ ಒಳಿಕೆ ಸೇರಿಸಲ್ಲ.”

ಈ ವರ್ಷ ಯುಗಾದಿಗೆ ಒಂದು ವಾರವಿದ್ದಾಗ ಆ ಬರಿಗಾಲಿಗೇ ಪೆಟ್ಟು ಬಿತ್ತು. ನೆಲ ಹಸಿಯಾಗಿ ಗೂಟ ಸಡಿಲಗೊಂಡಿತ್ತು. ಕಾಯಿ ಕುಟ್ಟಿದ ರಭಸಕ್ಕೆ ಗೂಟವೇ ವಾಲಿ ಎಡಪಾದದ ಹೊರಬದಿಗೆ ಇಳಿಯಿತು. ಗಾಯ ಒಂದು ತಿಂಗಳಲ್ಲಿ ಮಾಗಿತು. ಕಿರುಬೆರಳು ಮತ್ತು ಅದರ ಪಕ್ಕದೆರಡು ಬೆರಳಿಗೆ ಸ್ಪರ್ಶ ಮಾತ್ರ ಬರಲೇ ಇಲ್ಲ. ಕಾಯಿ ಸುಲಿಯಲು ಅದರಿಂದ ತೊಂದರೆಯಿಲ್ಲ. ಪೆಡಲಿಗೆ ಇದೆ. ಎಡತುದಿಯ ಮೊದಲನೇ ಪೆಡಲ್ ಆ ಬೆರಳುಗಳ ಕೆಳಗೇ ಇರುವುದು.

ಚಿಕ್ಕನಾಯಕನಹಳ್ಳಿಯ ಒಂದು ನಿಶ್ಚಿತಾರ್ಥದಲ್ಲಿ ಅದು ಗೊತ್ತಾಯಿತು. ಎರಡನೆಯ ಪೆಡಲ್ ಒಂದನ್ನೇ ಒತ್ತಬೇಕಾದ ಜಾಗದಲ್ಲಿ ಮೊದಲನೆಯದೂ ಬಿತ್ತು. ಹಾಡುತ್ತಿದ್ದ ಯೋಗಿತಾ ಸ್ವರ ಬಿಟ್ಟು ನಿಂತರು. ವಾಪಸು ಬರುವಾಗ ವ್ಯಾನಿನಲ್ಲಿ ಮೋಹನ್ ಕುಮಾರ್ ಪಕ್ಕಕ್ಕೆ ಬಂದು ಕುಳಿತರು. “ದಯಣ್ಣ, ನಿಮ್ಮನ್ನ ಬಿಡಕ್ಕೆ ನಂಗಿಷ್ಟ ಇಲ್ಲ. ಆದ್ರೆ ಪುನೀತನ ಕೀಬೋರ್ಡಲ್ಲಿ ಇದೇ ಸೌಂಡು ಒಂದು ಬಟನ್ನಿಗೆ ಬತ್ತದೆ. ಮುಂದಿನ ಭಾನುವಾರ ತುರುವೇಕೆರೆ ಬೀಗರೂಟ. ಅಲ್ಲೂ ಹಿಂಗೇ ಆದ್ರೆ ನನ್ನ ಬೈಕಬೇಡಿ.”

ಎಂಟು ದಿನ. ದಯಾನಂದ ಮಾರನೆಯ ಬೆಳಿಗ್ಗೆಯೇ ಶುರು ಮಾಡಿದರು. ಅವರ ಯೋಚನೆ ಸರಳವಾಗಿತ್ತು: ಬೆರಳಿಗೆ ಗೊತ್ತಾಗದಿದ್ದರೆ ಪಾದ ಇಡಿಯಾಗಿ ಒಂದೇ ತುಂಡಾಗಬೇಕು, ಹರಡಿಕೊಂಡ ಬೆರಳುಗಳನ್ನು ಯಾವುದಾದರೂ ಹಿಡಿದಿಡಬೇಕು. “ಬೆರಳು ಹೇಳ್ದೇ ಇದ್ರೆ ಹಿಮ್ಮಡಿ ಹೇಳ್ಬೇಕು. ಹಿಮ್ಮಡಿ ಊರ್ಕಂಡು ಕಾಲು ಇತ್ಲಾಗೆ ವಾಲ್ಸಿದ್ರೆ ಒಂದು, ಅತ್ಲಾಗೆ ವಾಲ್ಸಿದ್ರೆ ಇನ್ನೊಂದು.” ಅದಕ್ಕೆ ಚಪ್ಪಲಿ ಬೇಕು. ಗಿಟಾರಿನ ಹತ್ತಿರ ಚಪ್ಪಲಿ ಸುಳಿಯುವ ಹಾಗಿಲ್ಲ. ಹಾಗಾಗಿ ಕೊಟ್ಟಿಗೆಯಲ್ಲಿ ಮೂರು ಬಿದಿರಿನ ಸೀಳು ಹಾಕಿ, ಕೆಳಗೆ ಹಳೆಯ ಸೈಕಲ್ ಟ್ಯೂಬು ಬಿಗಿದು, ಅಣಕು ಪೆಡಲ್ ಮಾಡಿಕೊಂಡರು. ಎರಡು ಹಸು ಸಾಕ್ಷಿ.

ಅಲ್ಲಿ ನಡೆದ ಪರೀಕ್ಷೆಗಳನ್ನು ನೋಡಿದ್ದರೆ ಚಪ್ಪಲಿ ಕಾರ್ಖಾನೆಗಳು ನಾಚಿಕೆಯಿಂದ ಬಾಗಿಲು ಹಾಕುತ್ತಿದ್ದವು. ನಾನೂರ ಹನ್ನೆರಡು ಜೊತೆ ಬಂದವು, ಹೋದವು. ಹವಾಯಿ ಚಪ್ಪಲಿ ಕಾಲೆತ್ತಿದಾಗ ಹಿಂದೆ ಉಳಿದು, ಇಳಿಸಿದಾಗ ಪಟ್ ಎಂದಿತು. ಕ್ಯಾನ್‌ವಾಸ್ ಶೂಸಿನ ರಬ್ಬರು ಬಿದಿರಿಗೆ ಕಚ್ಚಿಕೊಂಡು, ಒಂದರಿಂದ ಇನ್ನೊಂದಕ್ಕೆ ಜಾರಲು ಬಿಡಲಿಲ್ಲ. ಬರೀ ಕಾಲುಚೀಲ ಜಾರಿತು, ಆದರೆ ನಿಲ್ಲಲಿಲ್ಲ. ಆರ್ಕೆಸ್ಟ್ರಾದವರ ಕಪ್ಪು ಶೂಸಿನ ಅಟ್ಟೆಯಂತೂ ಇಷ್ಟು ದಪ್ಪ. “ಕೆಳಗೆ ಪೆಡಲ್ ಐತಾ ಇಲ್ವಾ ಅಂತ ಕಾಗದ ಬರ್ದು ಕೇಳ್ಬೇಕು,” ಎಂದು ದಯಾನಂದ ಅದನ್ನು ಬಿಚ್ಚಿಟ್ಟರು.

ಮೂರನೆಯ ದಿನ ಅವರಿಗೆ ಬೇಕಾದದ್ದು ಏನೆಂದು ಸ್ಪಷ್ಟವಾಯಿತು. ಮುಂದೆ ಕಿರಿದಾಗಿರಬೇಕು. ಪೆಡಲಿನ ಕಬ್ಬಿಣ ಹೆಬ್ಬೆರಳಿಗೆ ತಿಳಿಯುವಷ್ಟು ತೆಳುವಾಗಿರಬೇಕು. ಅಡಿಯಲ್ಲಿ ರಬ್ಬರಲ್ಲ, ನಯವಾದ ಚರ್ಮ. ಹಿಮ್ಮಡಿ ಕೊಂಚ ಎತ್ತರ, ಕಾಲು ಅದರ ಮೇಲೆ ಬಾಗಿಲ ಕೀಲಿನ ಹಾಗೆ ತಿರುಗಬೇಕು. ಹಿಂದೆ ಪಟ್ಟಿ. ಅಂಗಡಿಯಲ್ಲಿ ಅಂಥದ್ದಿಲ್ಲ. ತಿಪಟೂರು ಬಸ್ ನಿಲ್ದಾಣದ ಪಕ್ಕ, ಕಪ್ಪು ಕೊಡೆಯ ಕೆಳಗೆ ಚಪ್ಪಲಿ ಹೊಲಿಯುವ ಗಿಡ್ಡಯ್ಯನವರ ಮುಂದೆ ಹೋಗಿ ನಿಂತರು.

“ನಡಿಯಕ್ಕೆ ಬೇಕಾ, ಹೊಲಕ್ಕೆ ಬೇಕಾ?” ಎಂದರು ಗಿಡ್ಡಯ್ಯ.

“ನಡಿಯಕ್ಕಲ್ಲ ಅಣ್ಣ. ಕುಂತ್ಕಂಡು ಒತ್ತಕ್ಕೆ.”

ಗಿಡ್ಡಯ್ಯ ದಾರ ಹಲ್ಲಲ್ಲಿ ಕಚ್ಚಿಕೊಂಡೇ ಮೇಲೆ ನೋಡಿದರು. “ನಲವತ್ತು ವರ್ಷಕ್ಕೆ ನಡಿಯಕ್ಕಲ್ಲದ ಚಪ್ಪಲಿ ಕೇಳ್ದೋನು ನೀನೊಬ್ನೆ ಕಣಪ್ಪ. ನಿಂತ್ಕ ಈ ರಟ್ಟಿನ ಮೇಲೆ.”

ಎಡವಟ್ಟಾದದ್ದು ಆ ರಟ್ಟಿನಿಂದಲೇ. ಗುರುವಾರ ಕೈಗೆ ಬಂದ ಜೊತೆ ನಿಂತರೆ ಹೇಳಿ ಮಾಡಿಸಿದಂತೆ, ಕೂತರೆ ಬೇರೆಯವರದ್ದು. ನಿಂತಾಗ ಮೈಭಾರಕ್ಕೆ ಪಾದ ಅಗಲವಾಗುತ್ತದೆ. ಕೂತಾಗ ಕಿರಿದಾಗಿ ಚಪ್ಪಲಿಯೊಳಗೆ ಈಜುತ್ತದೆ. ಹಿಮ್ಮಡಿಯ ಎತ್ತರವೂ ಹೆಚ್ಚಾಗಿ ಮೊಣಕಾಲು ಮೇಜಿನ ಅಡಿಗೆ ತಾಗುವಂತಿತ್ತು. ಒಬ್ಬರು ಹುಟ್ಟಿದಾಗಿನಿಂದ ನಿಂತೇ ದುಡಿದವರು, ಇನ್ನೊಬ್ಬರು ನಿಂತವರ ಕಾಲನ್ನೇ ಅಳೆದವರು. ಇಬ್ಬರಿಗೂ ಇದು ಹೊಳೆದಿರಲಿಲ್ಲ.

ಅದಕ್ಕೂ ದೊಡ್ಡ ತೊಡಕು ಮನೆಯಲ್ಲಿತ್ತು. ಶುಕ್ರವಾರ ಬೆಳಿಗ್ಗೆ ಹೊಂಬಾಳಮ್ಮ ಕೊಟ್ಟಿಗೆಗೆ ಬಂದು ಬಿದಿರು ನೋಡಿದರು, ಚಪ್ಪಲಿ ನೋಡಿದರು.

“ಏನ್ಲಾ ಇದು, ಸರಸ್ವತಿ ಮೇಲೆ ಇಡಕ್ಕಾ?”

“ಹೂಂ ಕಣವ್ವ. ಇಲ್ದಿದ್ರೆ ಭಾನುವಾರಕ್ಕೆ ನನ್ನ ಜಾಗ ಹೋಯ್ತು.”

ಹೊಂಬಾಳಮ್ಮ ಹಸುವಿನ ಮೈ ಸವರಿ, ಬಗ್ಗಿ ಚಪ್ಪಲಿಯ ಅಟ್ಟೆ ನೋಡಿದರು. ಕಡೆಗೆ ಕೇಳಿದರು, “ಇದು ಬೀದಿ ತುಳೀತದಾ?”

“ಇಲ್ಲ. ಕುಂತ್ಮೇಲೆ ಹಾಕ್ಕಳೋದು, ಏಳಕ್ಕೆ ಮುಂಚೆ ಬಿಚ್ಚೋದು.”

“ನೆಲ?”

“ಕೆಳಗೆ ಮಣೆ ಹಾಕ್ಕತೀನಿ. ಗಿಟಾರಿನ ಜೊತೆ ಪೆಟ್ಟಿಗೇಲೇ ಮಡಗ್ತೀನಿ.”

“ಹಂಗಾದ್ರೆ ಅದೂ ಅದರದ್ದೇ ಒಂದು ಭಾಗ ಬುಡು, ತಂತಿ ಇದ್ದಂಗೆ. ಕುಂಕುಮ ಇಡ್ತೀನಿ. ಒಂದೇ ಒಂದು ಹೆಜ್ಜೆ ನಡೆದೆಯೋ, ಎತ್ತಿ ನೀರೊಲೆಗೆ ಹಾಕ್ತೀನಿ ಕಣ್ಲಾ.”

ಶನಿವಾರ ಬೆಳಿಗ್ಗೆ ಲಗೇಜ್ ಆಟೋದಲ್ಲಿ ಗಿಟಾರ್ ತಿಪಟೂರಿಗೆ ಬಂತು. ಗಿಡ್ಡಯ್ಯನವರ ಕೊಡೆಯ ಪಕ್ಕ ನಾಲ್ಕು ಕಾಲೂರಿ ನಿಂತಿತು. ದಯಾನಂದ ಬರಿಗಾಲಲ್ಲಿ ಬಂದು, ಮಣೆಯ ಮುಂದೆ ಕುಳಿತು, ಚಪ್ಪಲಿ ತೊಟ್ಟರು. ಗಿಡ್ಡಯ್ಯ ಉಳಿ ಹಿಡಿದು ವಾದ್ಯದ ಕೆಳಗೆ ತೂರಿಕೊಂಡರು. ಹಾಸನದ ಬಸ್ಸು, ತುಮಕೂರಿನ ಬಸ್ಸು, ಹಿಂದಿನ ಹನ್ನೊಂದು ಬಸ್ಸು ಹೊರಡುವುದನ್ನೇ ಮರೆತು ನಿಂತವು. ಕಂಡಕ್ಟರುಗಳು ಸೀಟಿಯಲ್ಲಿ ಶ್ರುತಿ ಹಿಡಿದರು.

“ಕಾರ್ ರಿಪೇರಿ ಮಾಡಂಗಾಯ್ತಲ್ಲಪ್ಪ ನನ್ನ ಬಾಳು,” ಎಂದು ಕೆಳಗಿನಿಂದ ಗಿಡ್ಡಯ್ಯನವರ ದನಿ ಬಂತು. “ಒತ್ತು. ಇನ್ನೊಂದ್ಸಲ. ಮೊಣಕಾಲು ತಾಗ್ತದಾ?”

“ಒಂದು ಕೂದಲೆಳೆ.”

ಗಿಡ್ಡಯ್ಯ ಹಿಮ್ಮಡಿಯ ಚರ್ಮದಲ್ಲಿ ಒಂದು ಪದರ ಕೆತ್ತಿದರು. ಒತ್ತು ಎಂದರು. ಇನ್ನರ್ಧ ಪದರ ಕೆತ್ತಿದರು. ಮುಂಭಾಗವನ್ನು ಕಾಲಿನ ಮೇಲೆಯೇ ಎಳೆದು ಹೊಲಿದರು. ಹನ್ನೊಂದು ಗಂಟೆಯ ಹೊತ್ತಿಗೆ ಎರಡನೆಯ ಪೆಡಲ್ ಒಂಟಿಯಾಗಿ ಇಳಿಯಿತು. ದಯಾನಂದ ಅದನ್ನೇ ಮತ್ತೆ ಐವತ್ತು ಸಲ ಒತ್ತಿದರು, ಐವತ್ತು ಸಲವೂ ಮೊದಲನೆಯದು ಅಲುಗಲಿಲ್ಲ. ಗಿಡ್ಡಯ್ಯ ಮೈ ಕೊಡವಿಕೊಂಡು ಎದ್ದರು. “ಸವೆಯಲ್ಲ ಇದು. ನಡಿಯೋ ಹಂಗೇ ಇಲ್ವಲ್ಲ. ನಿನ್ನಂಥೋರು ಹತ್ತು ಜನ ಇದ್ರೆ ನಾನು ಕೊಡೆ ಮಡಿಸ್ಬೇಕಾಯ್ತದೆ.”

ಭಾನುವಾರ ತುರುವೇಕೆರೆಯ ತೋಟದಲ್ಲಿ, ಶಾಮಿಯಾನದ ಕೆಳಗೆ, ಎಂಟು ಸಾವಿರ ಜನ ಊಟದ ಎಲೆ ಬಿಟ್ಟು ಎದ್ದು ನಿಂತರು. ಗಿಟಾರಿನ ದನಿ ಜಾರಿದ ಕಡೆಗೆಲ್ಲ ತೆಂಗಿನ ಗರಿಗಳು ವಾಲಿದವು. ಬೀಗರು ಜಗಳ ಮರೆತು ತಬ್ಬಿಕೊಂಡರು. ಮೋಹನ್ ಕುಮಾರ್ ಕಣ್ಣೊರೆಸಿಕೊಳ್ಳುತ್ತಾ ಬಂದು ದಯಾನಂದರ ಕುತ್ತಿಗೆಗೆ ಹಾರ ಹಾಕಿದರು.

ಇಷ್ಟು ಬರೆದದ್ದನ್ನು ಅವರ ಮನೆಯ ಜಗುಲಿಯ ಮೇಲೆ ಕೂತು ಓದಿ ಹೇಳಿದಾಗ ಹೊಂಬಾಳಮ್ಮ ಬೀಸಣಿಗೆ ನಿಲ್ಲಿಸಿದರು. “ಯಾವ ಬೀಗರೂಟಕ್ಕೆ ಹೋಗಿದ್ದೆಯಪ್ಪ ನೀನು? ನಾನೂ ಅಲ್ಲೇ ಕುಂತಿದ್ದೆ. ಎಲೆ ಬಿಟ್ಟು ಎದ್ದೋರು ಕೈ ತೊಳಿಯಕ್ಕೆ ಎದ್ದೋರು.”

ಸಿಕ್ಕಿಬಿದ್ದ ಮೇಲೆ ನಿಜ ಹೇಳುವುದೊಂದೇ ದಾರಿ. ಊಟಕ್ಕೆ ಕೂತಿದ್ದವರು ಇನ್ನೂರು, ಮುನ್ನೂರು ಮಂದಿ. ಹಾರವಿರಲಿಲ್ಲ, ಚಪ್ಪಾಳೆಯೂ ಇರಲಿಲ್ಲ. ವೇದಿಕೆಯ ಕಡೆ ಬೆನ್ನು ಹಾಕಿ ಕೂತವರೇ ಹೆಚ್ಚು. ವ್ಯಾನಿಗೆ ಸಾಮಾನು ಏರಿಸುವಾಗ ಮೋಹನ್ ಕುಮಾರ್ ಹೇಳಿದ್ದು ಇಷ್ಟೇ: “ಗುರುವಾರ ನೊಣವಿನಕೆರೆ, ದಯಣ್ಣ. ಎಂಟಕ್ಕೆ ರೆಡಿ ಇರಿ.”

ಚಪ್ಪಾಳೆಯಿಲ್ಲ ಎಂದು ಬರೆದರೆ ಲೇಖನ ಸಪ್ಪೆಯಾಗುವುದಿಲ್ಲವೇ ಎಂಬ ಅನುಮಾನಕ್ಕೆ ಉತ್ತರ ಕೊಟ್ಟವರು ದಯಾನಂದ. ಅವರು ಆಗಲೇ ಗೂಟದ ಕಡೆ ಹೊರಟಿದ್ದರು.

“ಹಂಗೇ ಬರೀರಿ. ಪೆಡಲ್ ತಪ್ಪಿದ್ರೆ ಇಡೀ ಪಂಕ್ತಿ ತಿರುಗಿ ನೋಡ್ತದೆ ಕಣ್ರೀ. ಭಾನುವಾರ ಒಬ್ರೂ ತಿರುಗ್ಲಿಲ್ಲ.”